ಹೆಂಡತಿಯನ್ನು ಇಂಡಿಯಾಗೆ ‘ಕಳಿಸಿದ’ ಕಥೆ

ಕಳೆದ ಚಳಿಗಾಲವಿಡೀ ನನ್ನ ಹೆಂಡತಿ ಸರೋಜ ಇಂಡಿಯಾದಲ್ಲಿದ್ದಳು. ‘ತಂಗಿ ಮಗಳ ಬಾಣಂತನ’ ಅಂತ ಅಡಿಲೇಡಿನ ಕನ್ನಡಿಗರಿಗೆಲ್ಲ ನಾನೇ ಸಾರಿದ್ದೆ. (ತಂಗಿಗೆ ಹೆಣ್ಣುಮಕ್ಕಳೇ ಇಲ್ಲ.)

ನಿಜ ಹೇಳಿಬಿಡುತ್ತೇನೆ. ಅವಳು ಇಲ್ಲೇ ಅಡಿಲೇಡಿನ ಬ್ಲೇರ್ ಅಥಾಲ್ ಬಡಾವಣೆಯ ನಮ್ಮ ಮನೆಯಲ್ಲೇ ಇದ್ದಳು. ಪರದೆ ಎಳೆದ ಕೋಣೆಯಲ್ಲಿ, ಕೂದಲುದುರಿದ ತಲೆಗೆ ಶಾಲು ಸುತ್ತಿಕೊಂಡು.

ಸ್ತನ ಕ್ಯಾನ್ಸರ್. ಆ ಪದ ನನ್ನ ಬಾಯಿಂದ ಹೊರಡುತ್ತಿರಲಿಲ್ಲ. ಹೈಸ್ಕೂಲಿನಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಹೆಂಗಸರ ದೇಹದ ಪಾಠವನ್ನೇ ಹಾರಿಸಿದ್ದರು. ನನ್ನ ಓದು ಅಲ್ಲಿಗೇ ಮುಗಿದಿತ್ತು.

ನಾಚಿಕೆ ನನ್ನದು, ಒಂಟಿತನ ಅವಳದು. ಒಬ್ಬರೂ ಒಂದು ಡಬ್ಬಿ ಸಾರು ತರಲಿಲ್ಲ. ಇಂಡಿಯಾದಲ್ಲಿರುವವಳಿಗೆ ಇಲ್ಲಿ ಯಾರು ಸಾರು ತರುತ್ತಾರೆ?

ಬಾಗಿಲು ಬಡಿದವಳು ಪಕ್ಕದ ಮನೆಯ ಗ್ರೇಸ್. ಕೀನ್ಯಾದವಳು, ಅದೇ ಕಾಯಿಲೆ ಗೆದ್ದವಳು. ಹಿತ್ತಲಲ್ಲಿ ಸರೋಜ ಬಟ್ಟೆ ಒಣಹಾಕುವಾಗ ಶಾಲು ಜಾರಿದ ಅವಳ ತಲೆ ನೋಡಿಬಿಟ್ಟಿದ್ದಳು.

“ಅಂಕಲ್, ನಮ್ಮಲ್ಲೂ ಹೀಗೇ ಮುಚ್ಚಿಡ್ತಾರೆ. ನಮ್ಮಕ್ಕನಿಗೆ ಏನಾಗಿತ್ತು ಅಂತ ಗೊತ್ತಾಗಿದ್ದು ಮಣ್ಣು ಮಾಡಿದ ಮೇಲೆ.” (ಅವಳು ಹೇಳಿದ್ದು ಇಂಗ್ಲಿಷಿನಲ್ಲಿ. ನನಗೆ ತಗುಲಿದ್ದು ಕನ್ನಡದಲ್ಲಿ.)

ಪ್ರತಿ ಶನಿವಾರ ಆರ್ವೋ (ಮಧ್ಯಾಹ್ನಕ್ಕೆ ಇಲ್ಲಿನವರು ಹೇಳೋದು ಹಾಗೆ) ಗ್ರೇಸ್ ಚರ್ಚ್ ಹಾಲಿನಲ್ಲಿ ಈ ಕಾಯಿಲೆಯ ಬಗ್ಗೆ ಮಾತಾಡಲು ಆಫ್ರಿಕಾ ಮೂಲದ ಹೆಂಗಸರನ್ನು ಸೇರಿಸುತ್ತಾಳೆ. ಸರೋಜಳನ್ನೂ ಕರೆದೊಯ್ದಳು. ನಾನು ಬಾಗಿಲ ಬಳಿ ಕುಳಿತೆ.

“ಚರ್ಮ ಕೆಂಪಾದ್ರೆ ಎಚ್ಚರ ಅಂತಾರೆ. ನಮ್ಮ ಕಪ್ಪು ಮೈಮೇಲೆ ಕೆಂಪು ಎಲ್ಲಿ ಕಾಣುತ್ತೆ?” ಗ್ರೇಸ್ ಕೇಳಿದಳು. “ಗಂಟು, ಗುಳಿ, ದಪ್ಪಗಾದ ಚರ್ಮ, ಏನೇ ಹೊಸದಾಗಿ ಕಂಡ್ರೂ ಡಾಕ್ಟರ್ ಹತ್ರ ಓಡಿ.”

ಸ್ತನ ತೆಗೆಸಿಕೊಂಡವರು ಬ್ರಾ ಒಳಗೆ ಇಟ್ಟುಕೊಳ್ಳಲೆಂದು ಅಂಗಡಿಯಲ್ಲಿ ಅವರಿಗೆ ಸಿಕ್ಕಿದ್ದ ಕೃತಕ ಸ್ತನಗಳ ಬಣ್ಣ ತಿಳಿಗುಲಾಬಿ. ಹೆಸರು ಮಾತ್ರ ‘ಚರ್ಮದ ಬಣ್ಣ’. ಯಾರ ಚರ್ಮ? ಅದಕ್ಕೇ ಆ ಹೆಂಗಸರು ಕಂದು ಉಲ್ಲನ್ನಿನಲ್ಲಿ ತಾವೇ ಹೆಣೆಯುತ್ತಿದ್ದರು. ನಮ್ಮ ಸರೋಜ ಕ್ರೋಶಾ ಕಡ್ಡಿ ಹಿಡಿದು ಹುಟ್ಟಿದವಳು! ಅಂದು ನಗುತ್ತಾ ಮನೆಗೆ ಬಂದಳು. ಉಲ್ಲನ್ ಉಂಡೆ ಸುತ್ತುವ ಕೆಲಸ ನನಗೆ ಬಿತ್ತು.

ಕನ್ನಡ ಸಂಘದ ಯುಗಾದಿ ಊಟಕ್ಕೆ ಗ್ರೇಸ್‌ಳನ್ನೂ ಕರೆದುಕೊಂಡು ಹೋದೆವು. ಸರೋಜಳ ಗೆಳತಿ ಪದ್ಮ ಓಡಿ ಬಂದಳು. “ಯಾವಾಗ ಬಂದ್ಯೇ ಇಂಡಿಯಾದಿಂದ? ಹೇರ್‌ಕಟ್ ಸಖತ್ತಾಗಿದೆ! ಪಾಪು ಹೇಗಿದೆ?”

“ಇವರನ್ನೇ ಕೇಳು. ಕಳಿಸಿದ್ದು ಇವರು.”

ಇನ್ನೊಂದು ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡು ಮೈಕಿನ ಹತ್ತಿರ ಹೋದೆ.

“ಸರೋಜ ಎಲ್ಲೂ ಹೋಗಿರ್ಲಿಲ್ಲ. ಅವಳಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಬಚ್ಚಿಟ್ಟವನು ನಾನು. ಕ್ಷಮಿಸಿ.”

ಕನ್ನಡ ಬಾರದ ಗ್ರೇಸ್ ನನ್ನ ಮುಖ ನೋಡಿಯೇ ಅರ್ಥಮಾಡಿಕೊಂಡು ಚಪ್ಪಾಳೆ ಶುರುಮಾಡಿದಳು. ಆಮೇಲೆ ಅದು ನಿಲ್ಲಲೇ ಇಲ್ಲ. ಸರೋಜ ತಾನು ಹೆಣೆದ ಸ್ತನಗಳ ಚೀಲವನ್ನು ಒಬ್ಬಟ್ಟಿನ ತಟ್ಟೆಯ ಪಕ್ಕದಲ್ಲೇ ಸುರಿದಳು. ಹೆಂಗಸರು ಮುತ್ತಿಕೊಂಡರು.

“ನೀನು ಮಾಡೋ ಒಬ್ಬಟ್ಟಿಗಿಂತ ಮೆತ್ತಗಿದೆ ಕಣೇ!” ಎಂದಳೊಬ್ಬಳು. ನಗುವೋ ನಗು.

ಪದ್ಮ ಮಾತ್ರ ನಗಲಿಲ್ಲ. ಸರೋಜಳ ಕೈಹಿಡಿದಳು. “ನಂಗೂ ಒಂದು ಗಂಟಿದೆ ಕಣೇ. ಮನೇಲಿ ಹೇಳಿಲ್ಲ.”

ಸೋಮವಾರವೇ ಗ್ರೇಸ್ ಕಾರಿನಲ್ಲಿ ಮೂವರೂ ಡಾಕ್ಟರ ಬಳಿ ಹೋದರು. ಅದೇ ಕಾಯಿಲೆ. ಆದರೆ ಬೇಗ ಸಿಕ್ಕಿತು. ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಈಗ ಪದ್ಮಳೂ ಶನಿವಾರ ಚರ್ಚ್ ಹಾಲಿನಲ್ಲಿ ಕುಳಿತು ಹೆಣೆಯುತ್ತಾಳೆ. (ಸೊಟ್ಟಸೊಟ್ಟಗೆ. ಸರೋಜ ಬಿಚ್ಚಿಸಿ ಮತ್ತೆ ಹಾಕಿಸುತ್ತಾಳೆ.)

ಸರಿ, ನನ್ನದು ಹೇಳಿಯಾಯಿತು. ನಿಮ್ಮ ಮನೆಯಿಂದ ಯಾರಾದರೂ ‘ಇಂಡಿಯಾಗೆ ಹೋಗಿದ್ದಾರಾ’?