ಒಣ ಅಳು

ಮಿನ್‌ಚಿನ್ ಸೀಮೆಯಲ್ಲಿ ಸಾವಿನ ಮನೆಗೆ ಮೊದಲು ಓಲಗದವರು ಬರುತ್ತಾರೆ, ಅವರ ಹಿಂದೆಯೇ ಅಳುವವಳು ಬರುತ್ತಾಳೆ. ಬಹಳ ವರ್ಷ ಆ ಅಳುವವಳು ಕೌ ಲಾಮೇ. ತಲೆಗೆ ಬಿಳಿ ಬಟ್ಟೆ ಸುತ್ತಿಕೊಂಡು, ಶವಪೆಟ್ಟಿಗೆಯ ಮುಂದೆ ಮಂಡಿಯೂರಿ ಅವಳು ಒಮ್ಮೆ ದನಿ ತೆಗೆದಳೆಂದರೆ, ಜಮೀನಿನ ಜಗಳದಲ್ಲಿ ಮುಖ ತಿರುಗಿಸಿಕೊಂಡಿದ್ದ ಅಣ್ಣತಮ್ಮಂದಿರೂ ಮೂಗು ಒರೆಸಿಕೊಳ್ಳುತ್ತಿದ್ದರು. ಕಂಡರಿಯದ ಮುದುಕನಿಗಾಗಿ ಇಷ್ಟು ಕಣ್ಣೀರು ಎಲ್ಲಿಂದ ತರ್ತೀಯ ಎಂದು ಯಾರಾದರೂ ಕೇಳಿದರೆ, "ನಾನೆಲ್ಲಿ ತರ್ಲಿ, ಬಾಯಿ ತೆಗೆದ್ರೆ ಅದೇ ಬರತ್ತೆ" ಎನ್ನುತ್ತಿದ್ದಳು. ಅದು ಸುಳ್ಳಲ್ಲ. ಬಾಡಿಗೆಯ ಅಳುವೆಂದರೆ ಬರೀ ನಾಟಕ ಎನ್ನುವವರು ಒಂದು ದಿನ ಅಲ್ಲಿ ಮಂಡಿಯೂರಿ ನೋಡಬೇಕು. ಪರರ ತಾಯಿಯ ಮುಂದೆ ಕೂತವಳಿಗೆ ನೆನಪಾಗುವುದು ತನ್ನ ತಾಯಿಯೇ. ಆ ತಾಯಿ ಮನೆಯಲ್ಲಿ ಗಟ್ಟಿಮುಟ್ಟಾಗಿ ಕೂತು ನೂಡಲ್ಸ್ ಉಣ್ಣುತ್ತಿದ್ದರೂ ಸರಿಯೆ.

ನಡುವಯಸ್ಸು ದಾಟಿದ ಮೇಲೆ ಲಾಮೇಯ ಬಾಯಿ ಒಣಗತೊಡಗಿತು. ಯಾರೂ ಅದನ್ನು ಲೆಕ್ಕಕ್ಕಿಟ್ಟುಕೊಳ್ಳಲಿಲ್ಲ. ಆ ಊರಿನ ಕೊನೆಯ ಹೊಲದ ಬದುವಿನಿಂದಲೇ ಮರಳುಗಾಡು ಶುರುವಾಗುತ್ತದೆ, ಗಾಳಿ ಎದ್ದ ದಿನ ತುತ್ತಿನಲ್ಲೂ ಮರಳು ಕರಕರ ಎನ್ನುತ್ತದೆ. ಅಲ್ಲಿ ಒಣಗದ ಬಾಯಿ ಯಾರದ್ದಿದೆ? ಆದರೆ ಲಾಮೇಗೆ ಬರಬರುತ್ತ ಹಬೆಯಲ್ಲಿ ಬೆಂದ ಬನ್ನು ಕೂಡ ನೀರಿಲ್ಲದೆ ಗಂಟಲಿನಿಂದ ಇಳಿಯದಾಯಿತು. ಮೈಚರ್ಮ ಹೊಟ್ಟು ಎದ್ದಿತು. ಕಣ್ಣು ಉಜ್ಜಿ ಉಜ್ಜಿ ಕೆಂಪಾಯಿತು.

"ಉಷ್ಣ ಕಣೇ, ಮೈಗೆ ಬೆಂಕಿ ಹತ್ಕೊಂಡಿದೆ" ಎಂದರು ನೆರೆಹೊರೆಯವರು. ಅಲ್ಲಿ ಹಲ್ಲುನೋವಿನಿಂದ ಹಿಡಿದು ಗಂಡನ ಸಿಡುಕಿನವರೆಗೆ ಎಲ್ಲಕ್ಕೂ ಅದೇ ಕಾರಣ, ಮದ್ದೂ ಅದೇ: ಹಳದಿಯ ಕಹಿಬೇರನ್ನು ಕುದಿಸಿ ಕುಡಿಯುವುದು. ಲಾಮೇ ಬೆಳಿಗ್ಗೆ ಸಂಜೆ ಮೂಗು ಹಿಡಿದು ಕುಡಿದಳು. ಕುಡಿದಷ್ಟೂ ಒಣಗಿದಳು. ಒಣಗಿದಷ್ಟೂ ಉಷ್ಣ ಹೆಚ್ಚಾಯಿತೆಂದು ಇನ್ನಷ್ಟು ಕುದಿಸಿದಳು.

ತಾಯಿ ತೀರಿಕೊಂಡದ್ದು ಅದೇ ಕಾಲದಲ್ಲಿ, ಕೊರೆಯುವ ಚಳಿಯಲ್ಲಿ. ಅಣ್ಣ ಛಾಂಗ್‌ಶೋನ ಅಂಗಳದಲ್ಲಿ ಊರಿಗೆ ಊರೇ ನೆರೆದಿತ್ತು. ಪರರಿಗೇ ಅಷ್ಟು ಅಳುವವಳು ಹೆತ್ತವಳಿಗೆ ಎಷ್ಟು ಅಳಬಹುದು ಎಂದು ನೋಡಲೆಂದೇ ಬಂದವರೂ ಇದ್ದರು, ಅವರ ಮುಖಕ್ಕಿಷ್ಟು. ಲಾಮೇಯ ದನಿ ಎಂದಿಗಿಂತ ಎತ್ತರಕ್ಕೆ ಎದ್ದಿತು. ಕಣ್ಣಲ್ಲಿ ಮಾತ್ರ ಒಂದು ಹನಿ ಇಲ್ಲ. ಕಣ್ಣೀರಿಲ್ಲದ ಗೋಳಿಗೆ ಆ ಕಡೆಯವರಲ್ಲಿ ಒಂದು ಮಾತಿದೆ, 'ಒಣ ಅಳು'. ಅತ್ತೆಯ ಪೆಟ್ಟಿಗೆಯ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಗೋಳಾಡುವ ಸೊಸೆಗೆ ಅನ್ನುವ ಮಾತು ಅದು. ಅದಕ್ಕಿಂತ ಕೀಳು ಬೈಗುಳ ಸಾವಿನ ಮನೆಯಲ್ಲಿ ಇನ್ನೊಂದಿಲ್ಲ.

ಅಣ್ಣನ ಹೆಂಡತಿ ಸಾಯ್‌ಫೆಂಗ್ ಅದನ್ನು ಎಲ್ಲರ ಎದುರಿಗೇ ಅಂದಳು. "ಊರೋರ ಹೆಣಕ್ಕೆಲ್ಲ ಕೊಡಗಟ್ಲೆ ಸುರಿಸ್ತಾಳೆ. ಹೆತ್ತೋಳಿಗೆ ನೋಡಿ, ಒಣ ಅಳು."

ಮಣ್ಣು ಮಾಡಿ ಬಂದ ಮೇಲೆ ಅಣ್ಣ ಬಾಗಿಲಲ್ಲಿ ನಿಂತು, ತಂಗಿಯ ಮುಖ ನೋಡದೆ ಹೇಳಿದ. "ಮೂರನೇ ವರ್ಷದ ಪೂಜೆಗೆ ನೀನು ಬರ್ಬೇಡ ಲಾಮೇ. ಜನ ಆಡ್ಕೊಳ್ತಾರೆ."

ಮೂರನೇ ವರ್ಷವೆಂದರೆ ಮಕ್ಕಳೆಲ್ಲ ಸಮಾಧಿಯ ಮುಂದೆ ಕೂತು ಕೊನೆಯ ಸಲ ಅತ್ತು, ಶೋಕದ ಬಟ್ಟೆ ತೆಗೆದಿಡುವ ದಿನ. ಆವತ್ತು ಬೇಡವಾದವಳು ಮತ್ತೆಂದೂ ಆ ಮನೆಯ ಮಗಳಲ್ಲ. ಲಾಮೇಗೆ ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು: ಅವರಂದದ್ದೇ ನಿಜವೆಂದು ಅವಳಿಗೂ ಅನ್ನಿಸಿಬಿಟ್ಟಿತ್ತು. ಕಣ್ಣೀರನ್ನು ಊರೂರಿಗೆ ಮಾರಿ ಮಾರಿ ತನ್ನ ಎದೆಯೇ ಒಣಗಿಹೋಯಿತು ಎಂದುಕೊಂಡಳು. ಓಲಗದವರು ಕರೆದರೆ ಮೈ ಸರಿಯಿಲ್ಲವೆಂದು ಹೇಳಿ ಕಳಿಸಿದಳು. ಆಮೇಲೆ ಅವರು ಕರೆಯುವುದನ್ನೂ ಬಿಟ್ಟರು.

ಗಂಟಲಿನ ಉರಿ ತಾಳಲಾರದೆ ಕೊನೆಗೊಂದು ದಿನ ಪೇಟೆಯ ಪಂಡಿತ ಲಿನ್ ಹತ್ತಿರ ಹೋದಳು. ಪಂಡಿತರು ಮಾತಿನಲ್ಲಿ ಸ್ವಲ್ಪ ಒರಟು.

"ನಾಲಿಗೆ ಚಾಚಮ್ಮ."

ಚಾಚಿದಳು. ಕೆಂಪು ನಾಲಿಗೆ, ಮೇಲೆ ಬಿಳಿಯ ಲೇಪವೇ ಇಲ್ಲ, ನಡುವೆ ಬಿರುಕು. ಪಂಡಿತರು ನಾಡಿ ಹಿಡಿದು ನೋಡಿದರು.

"ಏನು ಕುಡೀತಿದ್ದೀಯ?"

"ಕಹಿಬೇರು, ಪಂಡಿತ್ರೇ. ಉಷ್ಣಕ್ಕೆ ಅಂತ."

"ಯಾರು ಹೇಳಿದ್ದು ಉಷ್ಣ ಅಂತ?"

"ಎಲ್ರೂ."

"ಎಲ್ರೂ ಪಂಡಿತರಾದ್ರೆ ನಾನ್ಯಾಕಮ್ಮ ಅಂಗಡಿ ತೆಕ್ಕೊಂಡು ಕೂತಿದ್ದೀನಿ? ಒಲೆ ಮೇಲಿನ ಪಾತ್ರೆ ಉರಿ ಹೆಚ್ಚಾದ್ರೂ ಸೀಯತ್ತೆ, ನೀರು ಆರಿದ್ರೂ ಸೀಯತ್ತೆ. ನಿಂದು ನೀರು ಆರಿದ್ದು. ಮೈಯೊಳಗಿನ ರಸ ಬತ್ತಿದೆ. ಕಹಿ ಇದ್ಯಲ್ಲ, ಅದು ಉಳಿದಿದ್ದನ್ನೂ ಹೀರತ್ತೆ. ಆರಿದ ಪಾತ್ರೆನೇ ಉಜ್ಜಿ ಉಜ್ಜಿ ಒರೆಸಿದ್ದೀಯ ನೀನು."

ಲಾಮೇ ತಲೆ ತಗ್ಗಿಸಿದಳು. ಯಾರಿಗೂ ಹೇಳದಿದ್ದುದು ಅಲ್ಲಿ ಬಾಯಿಗೆ ಬಂತು. "ರಸ ಅಲ್ಲ ಪಂಡಿತ್ರೇ, ಎದೆನೇ ಒಣಗಿದೆ. ಅಮ್ಮ ಸತ್ತಾಗ ನನ್ಗೆ ಅಳು ಬರ್ಲಿಲ್ಲ."

"ಕಣ್ಣೀರಿಗೂ ಎದೆಗೂ ಏನು ಸಂಬಂಧ?" ಎಂದರು ಪಂಡಿತರು, ಸಿಟ್ಟು ಬಂದವರಂತೆ. "ನಮ್ಮ ಶಾಸ್ತ್ರದಲ್ಲಿ ಕಣ್ಣೀರು ಪಿತ್ತಜನಕಾಂಗದ್ದು. ಹೃದಯದ ನೀರು ಬೆವರು. ಅವತ್ತು ಬೆವರಿದ್ಯಾ?"

ಅವಳು ಯೋಚಿಸಿದಳು. ಉಗುಳಿದ ಎಂಜಲು ಹೆಪ್ಪುಗಟ್ಟುವ ಚಳಿ ಅದು. ಹತ್ತಿ ತುಂಬಿದ ಅಂಗಿಯೊಳಗೆ ಬೆನ್ನಿನ ಮೇಲಿಂದ ನೀರಿಳಿದು, ಸಂಜೆ ಬಿಚ್ಚುವಾಗ ಬಟ್ಟೆ ಮೈಗೆ ಅಂಟಿಕೊಂಡಿತ್ತು.

"ಹಿಂಡೋ ಹಾಗಿತ್ತು" ಎಂದಳು.

"ಸರಿ ಮತ್ತೆ. ಎದೆ ಅತ್ತಿದೆ. ಕಣ್ಣಲ್ಲಿ ನೀರಿರ್ಲಿಲ್ಲ, ಅಷ್ಟೇ."

ಇಷ್ಟು ಹೇಳಿ ಅವರು ಬೇರುಗಳನ್ನು ತೂಗಲು ಎದ್ದು ಹೋದರು. ಲಾಮೇ ಅಲ್ಲೇ ಕೂತಿದ್ದಳು. ಎದೆಯ ಮೇಲಿನ ಭಾರ ಇಳಿದವರು ಅಳಬೇಕು, ಅವಳಿಗೆ ಆ ಸೌಕರ್ಯವಿರಲಿಲ್ಲ, ನಕ್ಕಳು. ಪಕ್ಕದ ಬೆಂಚಿನ ರೋಗಿ ಅವಳಿಂದ ಸ್ವಲ್ಪ ಸರಿದು ಕೂತ.

ಕಹಿಬೇರು ತಿಪ್ಪೆಗೆ ಹೋಯಿತು. ಸಿಹಿಯಾದ ಬೇರುಗಳ ಕಷಾಯ, ಲಿಲಿ ಗೆಡ್ಡೆ, ಕಲ್ಲುಸಕ್ಕರೆ ಹಾಕಿ ಬೇಯಿಸಿದ ಪೇರ್ ಹಣ್ಣು ಬಂದವು. ಖಾರ ಮುಟ್ಟುವ ಹಾಗಿಲ್ಲ. ಶರತ್ಕಾಲ ಕಳೆಯುವ ಹೊತ್ತಿಗೆ ಬಾಯಲ್ಲಿ ಜೊಲ್ಲು ತಿರುಗಿ ಬಂತು, ಬನ್ನು ಗಂಟಲಿನಿಂದ ಇಳಿಯತೊಡಗಿತು. ಕಣ್ಣೀರು ಬರಲಿಲ್ಲ. ಅದು ಕೊನೆಯಲ್ಲಿ ಬರುತ್ತದೆ, ಬರದೆಯೂ ಇರಬಹುದು ಎಂದಿದ್ದರು ಪಂಡಿತರು.

ಮೂರನೇ ವರ್ಷದ ಪೂಜೆ ಹತ್ತಿರವಾದಾಗ ಅವಳು ಗಟ್ಟಿ ಮನಸ್ಸು ಮಾಡಿ ಅಣ್ಣನ ಮನೆಗೆ ಹೋದಳು. ಹೊರಗೆ ಮರಳುಗಾಳಿ. ಬಾಗಿಲು ಕಿಟಕಿಗಳನ್ನೆಲ್ಲ ಬಿಗಿದು, ಅತ್ತಿಗೆ ಅಡುಗೆಮನೆಯಲ್ಲಿ ನೂಡಲ್ಸ್ ಹಿಟ್ಟು ಎಳೆಯುತ್ತಿದ್ದಳು. ಅಣ್ಣ ಒಲೆಗೆ ಸೌದೆ ಒಟ್ಟುತ್ತಿದ್ದ.

"ಬಂದ್ಯಾ, ಕೂತ್ಕೊ" ಎಂದಳು ಸಾಯ್‌ಫೆಂಗ್. "ಬರ್ಬೇಡ ಅಂದಿದ್ದು ಪೂಜೆಗೆ, ಊಟಕ್ಕಲ್ಲ."

ಲಾಮೇ ಕೂತು ಎಲ್ಲವನ್ನೂ ಹೇಳಿದಳು. ಬತ್ತಿದ ರಸ, ಪಿತ್ತಜನಕಾಂಗ, ಬೆವರು. ಅಣ್ಣ ಒಲೆಯನ್ನೇ ನೋಡುತ್ತಿದ್ದ.

"ಕಾಸು ಕೊಟ್ರೆ ಪಂಡಿತ ಕಲ್ಲಿಗೂ ನಾಡಿ ಇದೆ ಅಂತಾನೆ" ಎನ್ನುತ್ತ ಅತ್ತಿಗೆ ಹೊಗೆಯಾಡುತ್ತಿದ್ದ ಎಣ್ಣೆಯನ್ನು ಒಣಮೆಣಸಿನ ಪುಡಿಯ ಮೇಲೆ ಚೊರ್ರೆಂದು ಸುರಿದಳು.

ಮುಚ್ಚಿದ ಮನೆಯಲ್ಲಿ ಘಾಟು ಹೋಗುವುದೆಲ್ಲಿಗೆ? ಅಣ್ಣ ಕೆಮ್ಮುತ್ತ ಎದ್ದ, ಅತ್ತಿಗೆ ಸೀನಿದಳು, ಇಬ್ಬರ ಕೆನ್ನೆಯ ಮೇಲೂ ನೀರು ಧಾರೆಯಾಗಿ ಇಳಿಯಿತು. ಲಾಮೇಯೂ ಎದೆ ಹಿಡಿದುಕೊಂಡು ಕೆಮ್ಮಿದಳು. ಸಾಯ್‌ಫೆಂಗ್ ಮೇಲಂಗಿಯ ತೋಳಿನಿಂದ ಮುಖ ಒರೆಸಿಕೊಂಡು ನಾದಿನಿಯ ಕಡೆ ನೋಡಿದಳು. ಮತ್ತೆ ಹತ್ತಿರ ಬಂದು, ಗಲ್ಲ ಎತ್ತಿ ಹಿಡಿದು ನೋಡಿದಳು. ಕಣ್ಣು ಕೆಂಡದಂತೆ ಕೆಂಪಾಗಿತ್ತು. ರೆಪ್ಪೆಯ ಒಂದು ಕೂದಲೂ ಒದ್ದೆಯಾಗಿರಲಿಲ್ಲ.

"ನಿನ್ಗೆ ಮೆಣಸಿನ ಘಾಟಿಗೂ ಕಣ್ಣೀರು ಬರಲ್ವೇನೇ?"

"ಬರೋ ಹಾಗಿದ್ರೆ ಅಮ್ಮಂಗೆ ಕೊಡ್ತಿರ್ಲಿಲ್ವಾ ಅತ್ತಿಗೆ?"

ಸಾಯ್‌ಫೆಂಗ್ ಕೈ ಬಿಟ್ಟಳು. ಬೇರೆ ಬಟ್ಟಲು ತೆಗೆದು, ಖಾರ ಹಾಕದೆ ನೂಡಲ್ಸ್ ಬಡಿಸಿ, ಬಿಸಿ ಸಾರು ಜಾಸ್ತಿ ಹುಯ್ದು ನಾದಿನಿಯ ಮುಂದಿಟ್ಟಳು. ಘಾಟು ಆರಿತ್ತು. ಅಣ್ಣ ಮಾತ್ರ ಗೋಡೆಯ ಕಡೆ ತಿರುಗಿ ಇನ್ನೂ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದ.

"ಪೂಜೆ ದಿನ ನೀನೇ ಮುಂದೆ ಕೂತ್ಕೊ ಲಾಮೇ" ಎಂದ ಅವನು, ತಿರುಗದೆಯೇ. "ನೀನು ದನಿ ತೆಗಿ. ಕಣ್ಣೀರು ನಾವು ಹಾಕ್ತೀವಿ."