ರಟ್ಟಿನ ಪಾದ

ಕರ್‌ಕರ್… ಕರ್‌ಕರ್… ಓಣಿಯ ತುದಿಯಲ್ಲಿ ಚಪ್ಪಲಿಯ ಸದ್ದು. ಸೋನಾಬಾಯಿ ತಲೆ ಎತ್ತಲಿಲ್ಲ; ತೊಗಲು ಹೆಣೆಯುತ್ತಿದ್ದ ಬೆರಳುಗಳು ಮಾತ್ರ ನಿಂತವು. ಆ ನಡಿಗೆ ಮಾಳುವಿನದೇ. ಅಥಣಿಯ ಚಪ್ಪಲಿ ಸಾವುಕಾರರ ಕೆಲಸವನ್ನು ಮನೆಮನೆಗೆ ಹಂಚುವವನು ಅವನು. ಯಾವಾಗಲೂ ಬಾಗಿಲ ತನಕ ಹಾರ್ನ್ ಬಾರಿಸಿಕೊಂಡು ಬರುವವನು ಇವತ್ತು ಗಾಡಿಯನ್ನು ಎಲ್ಲೋ ಬಿಟ್ಟು ನಡೆದು ಬರುತ್ತಿದ್ದಾನೆ.

"ಏನೋ ಐತಿ," ಎಂದಳು ಸೊಸೆ ಶೇವಂತಾಳಿಗೆ.

ಹದಿನೇಳನೆಯ ವಯಸ್ಸಿಗೆ ನಿಪ್ಪಾಣಿಯಿಂದ ಈ ಮನೆ ಸೇರಿದವಳು ಸೋನಾಬಾಯಿ. ಮೂವತ್ತೆಂಟು ವರ್ಷದಿಂದ ತೊಗಲಿನ ಎಳೆಗಳನ್ನು ಜಡೆಯಂತೆ ಹೆಣೆದು ಚಪ್ಪಲಿಯ ಮೇಲಿನ ಪಟ್ಟಿ ಮಾಡುತ್ತ ಬಂದಿದ್ದಾಳೆ. ಈಚಿನ ಹತ್ತು ವರ್ಷ ಆ ಪಟ್ಟಿಗಳು ಹೆಚ್ಚಾಗಿ ಅಮೇರಿಕಕ್ಕೆ ಹೋಗುತ್ತಿದ್ದವು. ಆ ದೇಶದ ಮುಖ ಅವಳು ಕಂಡಿಲ್ಲ, ಪಾದ ಗೊತ್ತು. ಅಳತೆಗೆಂದು ಕೊಡುವ ರಟ್ಟಿನ ಪಾದ ಒಂದು ಗೇಣು, ಮೇಲೆ ನಾಲ್ಕು ಬೆರಳು.

"ಕಾಯ್ ರೇ ಮಾಳು, ಗಾಡಿ ಮಾರಿದೇನು?" ತವರಿನ ಮರಾಠಿ ಬೆರೆಸಿ ಕೇಳಿದಳು.

ಮಾಳು ನಕ್ಕ. ಚಹಾ ಬೇಡವೆಂದ. ಅದೂ ಹೊಸದು.

"ಮೌಶಿ, ಅಮೇರಿಕಾದಾಗ ಸುಮಾರ ಐತಿ. ನಮ್ಮ ಮಾಲಿನ ಮ್ಯಾಲ ಟ್ಯಾಕ್ಸ್ ಹಾಕ್ಯಾರ. ಬ್ಯಾಂಕಿನ ಬಡ್ಡಿ ಏರಿ ಮಂದಿ ಕೈ ಬಿಗಿ ಹಿಡದಾರ. ಇನ್ಮ್ಯಾಲ ಜೋಡಿಗೆ ನಲವತ್ತ ಆಗೂದಿಲ್ಲ, ಮೂವತ್ತ ಅಂದಾರ ಸಾವ್ಕಾರ್ರು."

"ಡಾಲರ್ ಏರೇತಿ ಅಂತ ಮೊಬೈಲಿನ್ಯಾಗ ಬಂದೈತಲ್ಲ ಮಾಳಣ್ಣ," ಎಂದಳು ಶೇವಂತಾ. "ಸಾವ್ಕಾರ್ರಿಗೆ ರೂಪಾಯಿ ಹೆಚ್ಚ ಬರಬೇಕಲಾ?"

"ಅದು ಬ್ಯಾರೆ ಲೆಕ್ಕ, ವೈನಿ. ನಿಮಗ ತಿಳಿಯೂದಿಲ್ಲ."

"ಹೌದಪಾ. ಏರಿದ್ದು ನಮಗ ತಿಳಿಯೂದಿಲ್ಲ, ಇಳದದ್ದಷ್ಟ ತಿಳೀತೈತಿ," ಎಂದಳು ಸೋನಾಬಾಯಿ.

ಹಿಂದೊಮ್ಮೆ ರೋಗ ಎಂದಿದ್ದರು, ಆಮೇಲೆ ಯಾವುದೋ ಯುದ್ಧ. ಕಾರಣ ಯಾವಾಗಲೂ ಸಮುದ್ರದಾಚೆಯದು, ಹೋಗಿ ನೋಡಿ ಬರುವಂತಿಲ್ಲ. ಕಾರಣ ಹೋದ ಮೇಲೂ ಕಡಿದ ಕೂಲಿ ತಿರುಗಿ ಬಂದಿರಲಿಲ್ಲ. ಟ್ಯಾಕ್ಸಿನ ಸುದ್ದಿ ಪೇಪರಿನಲ್ಲೂ ಇತ್ತು, ಸುಳ್ಳಿರಲಾರದು. ಆದರೆ ಮಾಳು ಮೊದಲು ಈ ಮನೆಗೇ ಬಂದದ್ದು ಸುಮ್ಮನಲ್ಲ. ಅವಳು ಹೂಂ ಅಂದರೆ ಓಣಿಯ ಹದಿನೆಂಟು ಮನೆಯೂ ಹೂಂ ಅಂದಂತೆ.

"ರಟ್ಟ ಕೊಡು."

ಚೀಲದಿಂದ ಅದನ್ನು ತೆಗೆಯಲು ಮಾಳುವಿಗೆ ಹೊತ್ತು ಹಿಡಿಯಿತು. ಅವಳು ಗೇಣು ಹಾಕಿದಳು. ಗೇಣಿನ ಮೇಲೆ ಎರಡೇ ಬೆರಳು. ಇನ್ನೊಮ್ಮೆ ಹಾಕಿದಳು. ಆಮೇಲೆ ರಟ್ಟನ್ನು ನೆಲಕ್ಕಿಟ್ಟು ಅದರ ಮೇಲೆ ತನ್ನ ಪಾದವಿಟ್ಟಳು. ಹಿಮ್ಮಡಿಯಿಂದ ಹೆಬ್ಬೆರಳ ತನಕ ಸರಿಯಾಗಿ ಕೂತಿತು.

"ಹೆಣ್ಮಕ್ಕಳ ಮಾಲ ಇರಬೇಕ, ಮೌಶಿ."

"ಅಲ್ಲಿ ಹೆಣ್ಮಕ್ಕಳದೂ ಹೆಣದೇನಿ, ಅದೂ ಇದಕ್ಕಿಂತ ದೊಡ್ಡದಿರತೈತಿ. ಇಲ್ನೋಡು." ರಟ್ಟಿನ ಅಂಚಿನಲ್ಲಿ ಹಳದಿ ಬೆರಳಚ್ಚು. "ಹೋದ ದೀಪಾವಳಿಗೆ ಪುಣೆ ಅಂಗಡಿ ಮಾಲ ಹೆಣದಾಗ ಹತ್ತಿದ ನನ್ನ ಕೈಯಾನ ಅರಿಶಿಣ ಇದು. ಪುಣೆಕ್ಕ ಯಾವ ದೇಶದ ಟ್ಯಾಕ್ಸೋ?"

ಮಾಳು ನೆಲ ನೋಡಿದ. "ನಾ ಹೇಳಿ ಕಳಿಸಿದಷ್ಟ ಹೇಳಾವ."

"ಹಂಗಾರ ಕಳಿಸಿದವರನ್ನ ಕೇಳೂಣು." ರಟ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡು ಎದ್ದಳು. "ಶೇವಂತಾ, ನಾ ಬರೂತನಕ ಓಣ್ಯಾಗ ಯಾರೂ ಹೂಂ ಅನಬಾರದು."

"ಮೌಶಿ, ತಡಿ, ಗಾಡಿ ಮ್ಯಾಲ ಬಿಡ್ತೇನಿ!"

"ಬ್ಯಾಡ, ಬಸ್ಸಿಗೆ ಹೊಕ್ಕೇನಿ." ಚಪ್ಪಲಿ ಮೆಟ್ಟಿ ಆಗಲೇ ಹೊಸ್ತಿಲು ದಾಟಿದ್ದಳು. ಮಾತು ಓಣಿಯಿಂದ ಕೇಳುತ್ತಿತ್ತು. "ಮೊದಲ ಸಾವ್ಕಾರ್ರ ಕೈಯಾಗ ಈ ರಟ್ಟ ಕೊಡ್ತೇನಿ, ಆಮ್ಯಾಲ ಕೇಳ್ತೇನಿ, ಯಪ್ಪಾ, ನಿಮ್ಮ ಅಮೇರಿಕಾ ಯಾವಾಗಿಂದ ಪುಣೆದಾಗ ಬಂದ ಕುಂತೈತಿ ಅಂತ."