ಹರಕೆಯ ದಾರಿಯಲ್ಲಿ ಸಿಕ್ಕ ವಿಮಾನ

ಅವ್ವ ಬರಿಗಾಲಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆಯುತ್ತಿದ್ದಳು, ನಾನು ಅವಳ ಹಿಂದೆ ಸ್ಕೂಟರಿನಲ್ಲಿ ತೆವಳುತ್ತಿದ್ದೆ. ಹರಕೆ ಅವಳದು, ನೀರಿನ ಬಾಟಲಿ, ಬುತ್ತಿ, ಮಂಡಿಗೆ ಹಚ್ಚುವ ಮುಲಾಮು ನನ್ನದು. ಎರಡು ವರ್ಷದ ನನ್ನ ಮಗಳು ಮುಂದೆ ನಿಂತು ಸುಮ್ಮಸುಮ್ಮನೆ ಹಾರ್ನ್ ಒತ್ತುತ್ತಿದ್ದಳು. ಕೊಳ್ಳೇಗಾಲದ ಮನೆಯ ಹೊಸ್ತಿಲು ದಾಟಿದ ಮೇಲೆ ಬೆಟ್ಟ ಮುಟ್ಟುವವರೆಗೂ ಅವ್ವ ಯಾವ ಗಾಡಿಯನ್ನೂ ಹತ್ತುವಂತಿಲ್ಲ. "ಒಸಿ ದೂರ ಕೂತ್ಕೊಳವ್ವ, ಮಾದಪ್ಪ ಕಣ್ಣು ಮುಚ್ಕೋತಾನೆ" ಎಂದು ನಾನು ಕೀಟಲೆ ಮಾಡಿದರೆ ತಿರುಗಿ ಒಂದು ನೋಟ ನೋಡುವಳು. ಅಷ್ಟು ಸಾಕಾಗುತ್ತಿತ್ತು.

ಹರಕೆ ಹೊತ್ತದ್ದು ಈ ಮಗಳಿಗಾಗಿಯೇ. ತಿಂಗಳು ತುಂಬುವ ಮೊದಲೇ ಹುಟ್ಟಿದವಳು ಮೈಸೂರಿನ ಆಸ್ಪತ್ರೆಯೊಂದರ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದಳು. ಹೆತ್ತವಳನ್ನು ಬಿಟ್ಟು ಬೇರೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಅವ್ವ ಹೊರಗಿನ ಕುರ್ಚಿಯಲ್ಲಿ ಕೂತೇ ಮಾದಪ್ಪನಿಗೆ ಹೇಳಿಕೊಂಡಿದ್ದಳು: ಕೂಸು ನಡೆಯುವಂತಾದರೆ ನಾನೂ ನಡೆದೇ ಬರುತ್ತೇನೆ.

ಹನೂರು ದಾಟಿ ಅಜ್ಜೀಪುರದ ಕಡೆ ಸಾಗುವಾಗ ರಾಗಿ ಹೊಲದಾಚೆ ಬಿಳಿಯ ಬಾಲವೊಂದು ಎದ್ದು ಕಂಡಿತು. ಯಾರೋ ಹಳೆಯ ಪ್ರಯಾಣಿಕರ ವಿಮಾನವನ್ನು ತುಂಡು ತುಂಡಾಗಿ ಲಾರಿಗಳಲ್ಲಿ ತಂದು, ಜೋಡಿಸಿ, ಮ್ಯೂಸಿಯಂ ಮಾಡಿದ್ದಾರೆಂದು ಕೇಳಿದ್ದೆ. ಕೇಳಿ ನಕ್ಕಿದ್ದೆ ಕೂಡ. ಹತ್ತಿರ ಹೋದಾಗ ನಗು ಬರಲಿಲ್ಲ. ರೆಕ್ಕೆಯೊಂದರ ನೆರಳಿನಲ್ಲೇ ಬೆಟ್ಟಕ್ಕೆ ಹೊರಟ ಒಂದು ಗುಂಪು ಚೀಲಗಳನ್ನು ತಲೆದಿಂಬು ಮಾಡಿಕೊಂಡು ಮಲಗಿತ್ತು, ಆದರೂ ಜಾಗ ಮಿಕ್ಕಿತ್ತು. ಮೈತುಂಬ ಮೊಳೆಗಳ ಸಾಲು, ನನ್ನ ಎದೆಯೆತ್ತರದ ಚಕ್ರ, ಕತ್ತೆತ್ತಿ ನೋಡಬೇಕಾದ ಎತ್ತರದಲ್ಲಿ ಪುಟ್ಟ ಕಿಟಕಿಗಳು. ಇಂಥದ್ದನ್ನು ಬರಿಯ ಗಾಳಿ ಹೊತ್ತಿತ್ತು ಎಂಬುದನ್ನು ಬುದ್ಧಿ ಒಪ್ಪಿತು, ಕಣ್ಣು ಒಪ್ಪಲಿಲ್ಲ.

ಹೂಗ್ಯಂನ ಕಾಡಂಚಿನಲ್ಲಿ ಹುಟ್ಟಿ ಬೆಳೆದ ಅವ್ವ ವಿಮಾನವನ್ನು ಕಂಡಿದ್ದು ಬೆರಳುದ್ದದ ಗಾತ್ರದಲ್ಲಿ ಮಾತ್ರ. ಈಗ ಅದರ ಹೊಟ್ಟೆಯ ಕೆಳಗೆ ಸೆರಗನ್ನು ಬಾಯಿಗೆ ಹಿಡಿದು ನಿಂತುಬಿಟ್ಟಳು.

"ಇದ್ರೊಳಗೆ ಜನ ಕುಂತಿದ್ರಾ ಮಗ?"

"ನೂರಾರು ಜನ ಕಣವ್ವ."

"ಒಳೀಕ್ ಬುಡ್ತಾರಾ?"

ಮೆಟ್ಟಿಲ ಬಳಿಯಿದ್ದ ಕಾವಲುಗಾರ "ಬನ್ನಿ ಅವ್ವಾ" ಎಂದ. ಅವ್ವ ಸರಸರನೆ ಹೋದಳು. ಮೊದಲ ಮೆಟ್ಟಿಲಿಗೆ ಎತ್ತಿದ ಕಾಲನ್ನು ಹಾಗೆಯೇ ಹಿಂದಕ್ಕೆ ತೆಗೆದಳು.

"ಇದೂ ಗಾಡಿಯೇ ಅಲ್ವಾ?"

ನನಗೆ ರೇಗಿತು. ಇನ್ನೊಂದು ಸಲ ಈ ದಾರಿ ನಡೆಯುವ ಮಂಡಿ ಅವಳದಲ್ಲ, ವಾಪಸು ಬರುವಾಗ ಮೆಟ್ಟಿಲು ಹತ್ತುವ ಸ್ಥಿತಿಯಲ್ಲಿರುತ್ತಾಳೋ ಇಲ್ಲವೋ ಗೊತ್ತಿಲ್ಲ. ಕಾವಲುಗಾರನೂ ನನ್ನ ಪರ ನಿಂತ. "ಇಂಜಿನ್ ಕಿತ್ತಾಕವ್ರೆ, ಚಕ್ರುಕ್ಕೆ ಸಿಮೆಂಟ್ ಆಕವ್ರೆ. ಇದು ಗಾಡಿ ಅಲ್ಲ ಕಣವ್ವ, ಬರೀ ತಗಡು."

ಅವ್ವನ ಮುಖ ಬಿಗಿಯಿತು. "ಅಂಗನ್ಬ್ಯಾಡ ಕಣಪ್ಪ. ಎಷ್ಟ್ ಜನುವ ಒತ್ಕಂಡು ಮ್ಯಾಲ್ಕೋಗಿತ್ತೋ ಏನೋ. ಇವತ್ತು ಕುಂತ್ಕತು ಅಂತ ತಗಡು ಅನ್ನದಾ? ಆನೆ ಇದ್ರೂ ಸಾವ್ರ, ಸತ್ರೂ ಸಾವ್ರ." ಆಮೇಲೆ ನನ್ನ ಕಡೆ ತಿರುಗಿದಳು. "ಇದು ಗಾಡಿಯೇ. ಕೂಸಿನ ಅರ್ಕೆ, ನಾ ಅತ್ತಕಿಲ್ಲ. ನೀ ಓಗ್ ನೋಡ್ಕಬಂದು ಹೇಳು."

ಮಗಳನ್ನು ಎತ್ತಿಕೊಂಡು ಹತ್ತಿದೆ. ನಾನೂ ವಿಮಾನದೊಳಕ್ಕೆ ಕಾಲಿಟ್ಟದ್ದು ಅದೇ ಮೊದಲು, ಹೇಳಿಕೊಳ್ಳಲಿಲ್ಲ ಅಷ್ಟೆ. ಪೆಟ್ಟಿಗೆಯಲ್ಲಿಟ್ಟ ಹಳೆಯ ಕಂಬಳಿಯ ವಾಸನೆ. ಪೈಲಟ್ ಕೂರುವ ಕಡೆ ಎದುರಿಗೆ, ಪಕ್ಕಕ್ಕೆ, ತಲೆಯ ಮೇಲೂ ಗಡಿಯಾರದಂಥ ಮುಖಗಳು, ಗುಂಡಿಗಳು. ಇವುಗಳನ್ನೆಲ್ಲ ನಂಬಿ ಮನುಷ್ಯರು ಮೋಡದ ಮೇಲೆ ಊಟ ಮಾಡಿದ್ದರು, ನಿದ್ದೆ ಹೊಡೆದಿದ್ದರು. ಕಿಟಕಿಯಿಂದ ನೋಡಿದರೆ ಅವ್ವ ರೆಕ್ಕೆಯ ತುದಿಯಲ್ಲಿ ಕತ್ತೆತ್ತಿ ನಿಂತಿದ್ದಳು, ಬಲು ಚಿಕ್ಕದಾಗಿ.

ಬೆಟ್ಟದ ಬುಡದ ತಾಳಬೆಟ್ಟದವರೆಗೂ ಅವಳ ಪ್ರಶ್ನೆ ಮುಗಿಯಲಿಲ್ಲ. ಮಳೆ ಬಂದರೆ ಸೋರುತ್ತದಾ, ಕಕ್ಕಸು ಇದೆಯಾ, ರಾತ್ರಿ ಡ್ರೈವರಿಗೆ ದಾರಿ ಹೇಗೆ ಕಾಣುತ್ತದೆ. ಗೊತ್ತಿದ್ದದ್ದನ್ನು ಹೇಳಿದೆ, ಗೊತ್ತಿಲ್ಲದ್ದನ್ನು ಇನ್ನೂ ಚೆನ್ನಾಗಿ ಹೇಳಿದೆ.

ಬೆಟ್ಟದಲ್ಲಿ ಹರಕೆ ತೀರಿತು. ವಾಪಸು ಬರುವಾಗ ಅವ್ವ ನನ್ನ ಹಿಂದೆ ಸ್ಕೂಟರಿನಲ್ಲಿ ಕೂತಿದ್ದಳು. ಬಿಳಿಯ ಬಾಲ ಕಂಡದ್ದೇ ತಡ, ಭುಜ ತಟ್ಟಿದಳು. ಊದಿಕೊಂಡ ಪಾದಗಳೆರಡನ್ನೂ ಒಂದೊಂದು ಮೆಟ್ಟಿಲಿಗೂ ಊರಿ ಊರಿ ಹತ್ತಿದಳು. ಬಾಗಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಒಳಗೆ ಬಂದು, ಉದ್ದಕ್ಕೂ ಸಾಲು ಸಾಲಾಗಿದ್ದ ಸೀಟುಗಳನ್ನು ನೋಡುತ್ತಾ ಎಷ್ಟೋ ಹೊತ್ತು ನಿಂತಳು. ಕೊನೆಗೆ ಕಿಟಕಿಯ ಪಕ್ಕ ಕೂತು, ನಿದ್ದೆಹೋಗಿದ್ದ ಮಗುವನ್ನು ಮಡಿಲಿಗೆ ತೆಗೆದುಕೊಂಡಳು.

ನಾನು ಪಕ್ಕದಲ್ಲಿ ಕೂರಲು ಹೋದೆ. ಅವ್ವ ಆ ಸೀಟಿನ ಮೇಲೆ ಅಂಗೈಯಿಟ್ಟಳು.

"ಇಲ್ ಬ್ಯಾಡ ಮಗ, ಇಂದ್ಲ ಸೀಟಲ್ ಕೂತ್ಕೊ."

"ಯಾಕವ್ವ?"

ಸೀಟಿನ ಮೇಲಿನ ಅಂಗೈಯನ್ನು ಅವಳು ತೆಗೆಯಲಿಲ್ಲ. "ಆಸ್ಪತ್ರೇಲಿ ನನ್ ಪಕ್ಕದ್ ಕುರ್ಚೀಲಿ ಒಬ್ಳು ಕುಂತಿರೋಳು, ಯಳಂದೂರ್ ಕಡೆಯೋಳು. ಅವ್ಳ್ ಮೊಮ್ಮಗೂನೂ ಒಳಗೇ ಇತ್ತು. ನನ್ಗಿಂತ ದೊಡ್ಡ್ ಅರ್ಕೆ ಒತ್ಕಂಡಿದ್ಲು ಕಣ್ ಮಗ. ಆ ಕೂಸು ಉಳೀನಿಲ್ಲ."

ಎರಡು ವರ್ಷ ಅವ್ವ ಇದನ್ನು ನನಗೆ ಹೇಳಿರಲಿಲ್ಲ. ಪಕ್ಕದ ಸೀಟನ್ನು ಆ ಯಳಂದೂರಿನವಳಿಗೆ ಬಿಟ್ಟು ನಾನು ಹಿಂದಿನ ಸೀಟಿನಲ್ಲಿ ಕೂತೆ.